ಮೇಷ್ಟರಿಗೆ ಕಾಲು ಬಂದ ಪ್ರಸಂಗ

ವರ್ಚುವಲ್ ರಿಯಾಲಿಟಿ ತರಗತಿಯ ಮತ್ತೊಂದು ಪ್ರಚಾರಚಿತ್ರ ಬಂದಿದೆ. ನೀವೂ ನೋಡಿರುತ್ತೀರಿ, ನೋಡದಿದ್ದರೂ ನಷ್ಟವೇನಿಲ್ಲ, ಏಕೆಂದರೆ ಇವೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು. ಕಂಪ್ಯೂಟರ್ ಕಟ್ಟಿದ ಲೋಕವನ್ನು ಕಣ್ಣಿಗೆ ಕಟ್ಟುವ ಹೆಡ್‌ಸೆಟ್ ತೊಟ್ಟ ಮಗುವೊಂದು ಬಾಯಿ ತೆರೆದುಕೊಂಡು ಗಾಳಿಯಲ್ಲಿ ಕೈಯಾಡಿಸುತ್ತದೆ, ಅದರ ತಲೆಯ ಮೇಲಿಂದ ತಿಮಿಂಗಿಲವೊಂದು ಈಜಿಕೊಂಡು ಹೋಗುತ್ತದೆ, ಶಿಕ್ಷಣದ ಭವಿಷ್ಯ ಬಂದೇಬಿಟ್ಟಿತೆಂದು ಗಂಭೀರ ಕಂಠವೊಂದು ಸಾರುತ್ತದೆ. ಆಮೇಲೆ ತಿಮಿಂಗಿಲ ಮರೆಯಾಗಿ ಪಾಠ ಶುರುವಾಗುತ್ತದೆ. ಅಲ್ಲಿರುವುದೇನು? ನಾಲ್ಕು ಗೋಡೆ, ಸಾಲು ಬೆಂಚು, ಮುಂದುಗಡೆ ಒಂದು ಹಲಗೆ. ಹಲಗೆಯ ಮೇಲೆ ಸ್ಲೈಡುಗಳು ಓಡುತ್ತಿವೆ. ಪಕ್ಕದಲ್ಲಿ ಮೇಷ್ಟರ ಅವತಾರ್, ಅಂದರೆ ಅವರ ಪರವಾಗಿ ಆಡುವ ಕಂಪ್ಯೂಟರ್ ಗೊಂಬೆ, ನಿಂತು ಆ ಸ್ಲೈಡುಗಳನ್ನು ಗಟ್ಟಿಯಾಗಿ ಓದುತ್ತಿದೆ. ಗುರುತ್ವಾಕರ್ಷಣೆಯ ಹಂಗಿಲ್ಲದ, ಬಿಸಿಲು ಮಳೆಗಳ ಕಾಟವಿಲ್ಲದ, ಬೇಕೆಂದರೆ ಇಡೀ ತರಗತಿಯನ್ನು ಜೀವಕೋಶವೊಂದರ ಒಳಗೇ ಇಟ್ಟುಬಿಡಬಹುದಾದ ಒಂದು ಜಗತ್ತನ್ನು ಸೊನ್ನೆಯಿಂದ ಸೃಷ್ಟಿಸುವ ಅವಕಾಶ ಸಿಕ್ಕಿದಾಗ ಮನುಷ್ಯನ ಕಲ್ಪನೆಗೆ ಹೊಳೆದದ್ದು ಬೆಂಚು. ನಿಂತರೆ ಆಯಾಸವಾಗದ ದೇಹಗಳಿಗೆ ಕೂರಲು ಜಾಗ ಮಾಡಿಕೊಟ್ಟ ಈ ಸೌಜನ್ಯವನ್ನು ಮೆಚ್ಚಲೇಬೇಕು. ಎಂದೂ ಮಳೆ ಬೀಳದ ಲೋಕದಲ್ಲಿ ಛಾವಣಿಯನ್ನೂ ಹೊದಿಸಿದ್ದಾರೆ.

ದೇಹದ ಮಾತು ಬಂದಮೇಲೆ ಕಾಲಿನ ಕಥೆಯನ್ನು ನೆನೆಯದೆ ಮುಂದೆ ಹೋಗುವುದು ಹೇಗೆ? ಫೇಸ್‌ಬುಕ್ ಕಂಪನಿ 2021ರ ಅಕ್ಟೋಬರ್‌ನಲ್ಲಿ ಮೆಟಾ ಎಂದು ಹೆಸರು ಬದಲಿಸಿಕೊಂಡು, ಇನ್ನು ಮುಂದೆ ನಮ್ಮ ದುಡಿಮೆ, ಕಲಿಕೆ, ಹರಟೆಗಳೆಲ್ಲ ಮೆಟಾವರ್ಸ್ ಎಂಬ ವರ್ಚುವಲ್ ಲೋಕದಲ್ಲಿಯೇ ಎಂದು ಘೋಷಿಸಿದ ಕಾಲಕ್ಕೆ ಅದರ ಅವತಾರ್‌ಗಳಿಗೆ ಸೊಂಟದಿಂದ ಕೆಳಗೆ ಏನೂ ಇರಲಿಲ್ಲ. ತೇಲುವ ಅರ್ಧ ಮನುಷ್ಯರು ತೇಲುವ ಅರ್ಧ ಮನುಷ್ಯರೊಡನೆ ನಗುನಗುತ್ತಾ ಸಭೆ ನಡೆಸುತ್ತಿದ್ದರು. ಕಾರಣ ಸರಳ. ಹೆಡ್‌ಸೆಟ್ಟಿನ ಕ್ಯಾಮೆರಾಗಳಿಗೆ ತಲೆ ಮತ್ತು ಕೈಗಳ ಚಲನೆ ಚೆನ್ನಾಗಿ ಸಿಗುತ್ತದೆ. ಕಾಲುಗಳಾದರೋ ಮೇಜಿನ ಅಡಿಯಲ್ಲೋ ಹೊಟ್ಟೆಯ ಮರೆಯಲ್ಲೋ ಇರುವುದರಿಂದ ಅವು ಎಲ್ಲಿವೆಯೆಂದು ಊಹಿಸಬೇಕು. ಊಹಿಸಲು ಒಂದು ವರ್ಷ ಹಿಡಿಯಿತು. 2022ರ ಅಕ್ಟೋಬರ್‌ನಲ್ಲಿ ಕಂಪನಿಯ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಅವರ ಅವತಾರ್ ಜಗತ್ತಿನೆದುರು ಕಾಲೆತ್ತಿ ಕುಪ್ಪಳಿಸಿ ತೋರಿಸಿತು. ಕೆಲವೇ ದಿನಗಳಲ್ಲಿ, ಆ ಕುಪ್ಪಳಿಕೆ ಮನುಷ್ಯರ ಚಲನೆಯನ್ನು ಸೆರೆಹಿಡಿಯುವ ಮೋಷನ್ ಕ್ಯಾಪ್ಚರ್ ಬಳಸಿ ಮೊದಲೇ ತಯಾರಿಸಿಟ್ಟ ಆನಿಮೇಷನ್ ಎಂದು ಕಂಪನಿಯೇ ಒಪ್ಪಿಕೊಳ್ಳಬೇಕಾಯಿತು. ಅಂದರೆ ಕಾಲುಗಳು ಬಾಡಿಗೆಯವು. ನಿಜವಾದ ಕಾಲುಗಳು, ಅಂದರೆ ನಿಜವಾದ ಸುಳ್ಳು ಕಾಲುಗಳು, ಮರುವರ್ಷ ಬಂದವು. 2022ರ ಒಂದೇ ವರ್ಷದಲ್ಲಿ ಕಂಪನಿಯ ಮೆಟಾವರ್ಸ್ ವಿಭಾಗ ಅನುಭವಿಸಿದ ನಷ್ಟ ಸುಮಾರು 1,370 ಕೋಟಿ ಡಾಲರ್. ಇತಿಹಾಸದಲ್ಲಿ ಇಷ್ಟು ದುಬಾರಿಯಾದ ಮೊಣಕಾಲು ಬೇರೊಂದಿರಲಾರದು.

ಕಾಲಿಗೂ ಪಾಠಕ್ಕೂ ಏನು ಸಂಬಂಧವೆಂದು ಕೇಳುವವರು ಎಂದೂ ತರಗತಿಯಲ್ಲಿ ಕುಳಿತವರಲ್ಲ. ಮೇಷ್ಟರ ವಿದ್ಯೆ ತಲೆಯಲ್ಲಿದ್ದರೂ ಅವರ ಅಧಿಕಾರವಿರುವುದು ಕಾಲಿನಲ್ಲಿ. ಮೊಗಸಾಲೆಯಲ್ಲಿ ಚಪ್ಪಲಿಯ ಸದ್ದು ಕೇಳಿದೊಡನೆ ಬಾಯಿಗಳು ಮುಚ್ಚಿಕೊಂಡು ಪುಸ್ತಕಗಳು ತೆರೆದುಕೊಳ್ಳುತ್ತವೆ. ಪಾಠ ಹೇಳುತ್ತಲೇ ಅವರು ಸಾಲುಗಳ ನಡುವೆ ನಿಧಾನವಾಗಿ ನಡೆದು ಬರುವಾಗ, ಎರಡು ಬೆಂಚು ಆಚೆಯಿಂದಲೇ ಹುಡುಗನ ಬೆನ್ನು ನೆಟ್ಟಗಾಗುತ್ತದೆ. ಯಾರ ಲೆಕ್ಕ ಎಲ್ಲಿ ತಪ್ಪಿದೆಯೆಂಬುದು ಅವರಿಗೆ ತಿಳಿಯುವುದೂ ಹೀಗೆ ಹಾದುಹೋಗುತ್ತಾ ಬಗ್ಗಿ ನೋಡಿದಾಗಲೇ. ವರ್ಚುವಲ್ ಮೇಷ್ಟರು ನಡೆಯುವುದೇ ಅಪರೂಪ. ಅವರು ಕೈಯಲ್ಲಿ ಹಿಡಿದ ಕಂಟ್ರೋಲರ್‌ನಿಂದ ನೆಲದ ಮೇಲೊಂದು ಕಿರಣ ಚಾಚುತ್ತಾರೆ, ಮಾಯವಾಗುತ್ತಾರೆ, ಮರುಕ್ಷಣ ಮಗುವಿನ ಮೂಗಿನ ಮುಂದೆ ಪ್ರತ್ಯಕ್ಷರಾಗುತ್ತಾರೆ. ನಡೆದರೆ ಹೆಡ್‌ಸೆಟ್ ತೊಟ್ಟು ನಡೆದವರಿಗೇ ತಲೆ ಸುತ್ತುತ್ತದೆಂಬ ಕಾರಣಕ್ಕೆ ಈ ಏರ್ಪಾಡು. ಮುಖದಲ್ಲಿ ಸದಾ ಒಂದೇ ಮಂದಹಾಸ. ಉತ್ತರ ಸರಿಯಿದ್ದರೂ ಅದೇ ನಗು, ತಪ್ಪಿದ್ದರೂ ಅದೇ ನಗು. ವಿದ್ಯಾರ್ಥಿ ಹೆಡ್‌ಸೆಟ್ ಕಳಚಿಟ್ಟು ಎದ್ದುಹೋಗಿ, ಅವನ ಅವತಾರ್ ಕತ್ತು ಜೋತುಬಿಟ್ಟು ನೆಲ ನೋಡುತ್ತಿದ್ದರೂ ಅದೇ ಅಕ್ಕರೆಯ ನಗು.

ಇಂಥ ಭವಿಷ್ಯವು ನಿಜವಾದ ಶಾಲೆಯೊಳಗೆ ಬಂದಾಗ ಏನಾಗುತ್ತದೆಂಬುದು ಪ್ರಚಾರಚಿತ್ರದಲ್ಲಿ ಇರುವುದಿಲ್ಲ. ಪೆಟ್ಟಿಗೆ ತುಂಬ ಹೆಡ್‌ಸೆಟ್‌ಗಳು ತರಗತಿಗೆ ಬರುತ್ತವೆ. ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ದರೂ ಕೆಲವು ಚಾರ್ಜ್ ಆಗಿರುವುದಿಲ್ಲ. ಆಗಿರುವವುಗಳಲ್ಲಿ ಕೆಲವಕ್ಕೆ ಅದೇ ಗಳಿಗೆಯಲ್ಲಿ ಅಪ್‌ಡೇಟ್ ಆಗಬೇಕೆಂಬ ಬಯಕೆ ಹುಟ್ಟುತ್ತದೆ. ವೈಫೈ ಪಾಸ್‌ವರ್ಡನ್ನು ಗಾಳಿಯಲ್ಲಿ ತೇಲುವ ಕೀಬೋರ್ಡಿನ ಮೇಲೆ ಕಿರಣ ತೋರಿಸಿ ಒಂದೊಂದೇ ಅಕ್ಷರವಾಗಿ ಒತ್ತಬೇಕು. ಕೈ ಕೂದಲೆಳೆಯಷ್ಟು ನಡುಗಿದರೂ ಪಕ್ಕದ ಅಕ್ಷರ ಬೀಳುತ್ತದೆ, ಬಿದ್ದದ್ದು ಯಾವ ಅಕ್ಷರವೆಂದು ಪರದೆಯ ಚುಕ್ಕೆಗಳು ಹೇಳುವುದಿಲ್ಲ. ಕನ್ನಡಕದ ಹುಡುಗಿಗೆ ಕನ್ನಡಕ ಹಾಕಿದರೆ ಹೆಡ್‌ಸೆಟ್ ಹಿಡಿಯುವುದಿಲ್ಲ, ತೆಗೆದರೆ ತಿಮಿಂಗಿಲ ಮಂಜಾಗುತ್ತದೆ. ಹಿಂದಿನ ತರಗತಿಯವರ ಹಣೆಯ ಬೆವರನ್ನು ಚೆನ್ನಾಗಿ ಹೀರಿಕೊಂಡಿರುವ ಸ್ಪಂಜನ್ನು ಮುಖಕ್ಕೆ ಒತ್ತಿಕೊಂಡು, ಅರ್ಧ ಕೆಜಿ ಭಾರವನ್ನು ಎಳೆಯ ಕತ್ತಿನ ಮೇಲೆ ಹೊತ್ತುಕೊಂಡು ಮಗು ಕೂಗುತ್ತದೆ: ‘ಮಿಸ್, ನನಗೇನೂ ಕಾಣ್ತಿಲ್ಲ!’ ಮಿಸ್ ಕೇಳುತ್ತಾರೆ: ‘ಏನೂ ಅಂದ್ರೆ, ಕಪ್ಪಗಿದೆಯೋ ಬೆಳ್ಳಗಿದೆಯೋ?’ ಮಗುವಿಗೆ ಕಾಣುತ್ತಿರುವುದು ಮಿಸ್ಸಿಗೆ ಕಾಣುವುದಿಲ್ಲ, ಮಗುವಿಗೆ ಮಿಸ್ಸೇ ಕಾಣುವುದಿಲ್ಲ. ಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಆಕೆ ಪಿರಿಯಡ್ ಮುಗಿಯುವವರೆಗೂ ಪಟ್ಟಿ ಬಿಗಿಮಾಡುತ್ತಾ, ಸಡಿಲಮಾಡುತ್ತಾ, ಗೋಡೆಗೆ ಗುದ್ದುವ ಕೈಗಳನ್ನು ಹಿಡಿಯುತ್ತಾ ಓಡಾಡುತ್ತಾರೆ. ಅಷ್ಟರಲ್ಲಿ ಒಬ್ಬ ಹುಡುಗನ ಮುಖ ಬಿಳಿಚಿಕೊಳ್ಳುತ್ತದೆ. ಕಣ್ಣು ‘ಚಲಿಸುತ್ತಿದ್ದೇನೆ’ ಎನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ ‘ಇಲ್ಲ, ಕುಳಿತಿದ್ದೇನೆ’ ಎನ್ನುತ್ತದೆ, ಈ ವ್ಯಾಜ್ಯದ ತೀರ್ಪನ್ನು ಹೊಟ್ಟೆ ಕೊಡುತ್ತದೆ.

ಇಷ್ಟಾದರೂ ಕಲಿಕೆ ಹೆಚ್ಚುವುದಾದರೆ ಬಾಲ್ದಿ ಹಿಡಿದುಕೊಂಡೇ ಪಾಠ ಕೇಳಬಹುದಿತ್ತು. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕ ಗೀಡೊ ಮಕ್ರಾನ್ಸ್ಕಿ ಮತ್ತು ಸಂಗಡಿಗರು 52 ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗೆ ವಿಜ್ಞಾನ ಪ್ರಯೋಗಾಲಯದ ಒಂದೇ ಪಾಠವನ್ನು ಸಾಧಾರಣ ಕಂಪ್ಯೂಟರ್ ಪರದೆಯ ಮೇಲೂ ಹೆಡ್‌ಸೆಟ್ಟಿನಲ್ಲೂ ಕೊಟ್ಟು ನೋಡಿದರು. ಹೆಡ್‌ಸೆಟ್ ತೊಟ್ಟಾಗ ತಾವು ಪ್ರಯೋಗಾಲಯದೊಳಗೇ ಇದ್ದೇವೆಂಬ ಭಾವ ಹೆಚ್ಚಾಯಿತು, ಕಲಿತದ್ದು ಕಡಿಮೆಯಾಯಿತು. ಮಿದುಳಿನ ವಿದ್ಯುತ್ ಚಟುವಟಿಕೆಯ (ಇಇಜಿ) ಅಳತೆಗಳೂ ಅದರ ಮೇಲೆ ಹೊರೆ ಹೆಚ್ಚಿದ್ದನ್ನೇ ಸೂಚಿಸಿದವು. ಒಂದು ಅಧ್ಯಯನದಿಂದ ಲೋಕವೇನೂ ತಲೆಕೆಳಗಾಗುವುದಿಲ್ಲ, ಬೇರೆ ಬಗೆಯ ಫಲಿತಾಂಶಗಳೂ ಇವೆ. ಆದರೂ ಕಲಿಕೆಯೊಂದನ್ನು ಬಿಟ್ಟು ಉಳಿದೆಲ್ಲವೂ ಹೆಚ್ಚಾಗುವ ಪಾಠವನ್ನು ಕಂಡುಹಿಡಿದದ್ದಕ್ಕಾಗಿ ಯಾರಿಗಾದರೂ ಒಂದು ಶಾಲು ಹೊದಿಸಬಹುದಿತ್ತು.

ಈ ತಂತ್ರಜ್ಞಾನದಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಎಡ್ವಿನ್ ಲಿಂಕ್ 1920ರ ದಶಕದ ಕೊನೆಯಲ್ಲಿ ಕಟ್ಟಿದ ಸುಳ್ಳು ವಿಮಾನದಲ್ಲಿ ಕುಳಿತು ಮುಂದೆ ಲಕ್ಷಾಂತರ ಪೈಲಟ್‌ಗಳು ನೆಲದ ಮೇಲೆಯೇ ಹಾರಲು ಕಲಿತರು. ಶಸ್ತ್ರಚಿಕಿತ್ಸೆ, ಅಗ್ನಿಶಾಮಕ ಕೆಲಸ, ಹೀಗೆ ತಪ್ಪಿದರೆ ಜೀವಕ್ಕೇ ಕುತ್ತು ಬರುವ ಕಡೆಯಲ್ಲೆಲ್ಲ ಸುಳ್ಳು ಜಗತ್ತು ಸತ್ಯಕ್ಕಿಂತ ಒಳ್ಳೆಯ ಗುರು. ಆದರೆ ಭಿನ್ನರಾಶಿ ತಪ್ಪಾದರೆ ಯಾರ ವಿಮಾನವೂ ಉರುಳುವುದಿಲ್ಲ. ಅದನ್ನು ಅಳಿಸಿ ಮತ್ತೆ ಮಾಡಲು ರಬ್ಬರ್ ಎಂಬ ಉಪಕರಣವಿದೆ. ಅದಕ್ಕೆ ಬ್ಯಾಟರಿಯೂ ಬೇಡ.

ಭವಿಷ್ಯ ಹೀಗೆ ಬಂದೇಬಿಟ್ಟಿದ್ದು ಇದೇ ಮೊದಲೇನಲ್ಲ. 1913ರಲ್ಲಿ ಥಾಮಸ್ ಎಡಿಸನ್, ಚಲನಚಿತ್ರಗಳ ಮುಂದೆ ಶಾಲೆಯ ಪುಸ್ತಕಗಳು ಬೇಗನೆ ಮೂಲೆಗುಂಪಾಗಲಿವೆ, ಹತ್ತು ವರ್ಷದೊಳಗೆ ಶಾಲಾ ವ್ಯವಸ್ಥೆಯೇ ಪೂರ್ತಿ ಬದಲಾಗಲಿದೆ ಎಂದಿದ್ದರು. ಆ ಹತ್ತು ವರ್ಷ ಇನ್ನೂ ಮುಗಿದಿಲ್ಲ. 2003ರಲ್ಲಿ ಸೆಕೆಂಡ್ ಲೈಫ್ ಎಂಬ ಅಂತರ್ಜಾಲದ ವರ್ಚುವಲ್ ಲೋಕ ಬಂದಮೇಲೆ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಅಲ್ಲಿ ದ್ವೀಪಗಳನ್ನು ಕೊಂಡು ತಮ್ಮ ಕಟ್ಟಡಗಳನ್ನು ಕಲ್ಲು ಕಲ್ಲಾಗಿ ಮತ್ತೆ ಕಟ್ಟಿದವು. 2010ರಲ್ಲಿ ಕಂಪನಿಯು ಶಿಕ್ಷಣ ಸಂಸ್ಥೆಗಳ ರಿಯಾಯಿತಿಯನ್ನು ಹಿಂತೆಗೆದುಕೊಳ್ಳುವುದಾಗಿ ಹೇಳಿದ ಮೇಲೆ ಎಷ್ಟೋ ಮಂದಿ ಗಂಟುಮೂಟೆ ಕಟ್ಟಿದರು. ಗೂಗಲ್ 2015ರಲ್ಲಿ ಎಕ್ಸ್‌ಪೆಡಿಷನ್ಸ್ ಎಂಬ ಹೆಸರಿನಲ್ಲಿ ರಟ್ಟಿನ ಕನ್ನಡಕ ತೊಡಿಸಿ ಮಕ್ಕಳನ್ನು ಜಗತ್ತು ಸುತ್ತಿಸಲು ಹೊರಟಿತು, 2021ರ ಜೂನ್‌ನಲ್ಲಿ ಪ್ರವಾಸ ಮುಗಿಯಿತೆಂದು ಬಾಗಿಲು ಹಾಕಿತು. ಮೈಕ್ರೋಸಾಫ್ಟ್‌ನ ವರ್ಚುವಲ್ ಕೂಟಗಳ ತಾಣ ಆಲ್ಟ್‌ಸ್ಪೇಸ್ 2023ರಲ್ಲಿ ಮುಚ್ಚಿತು, ಮೊಜಿಲ್ಲಾ ತನ್ನ ಅಂಥದೇ ಹಬ್ಸ್ ಸೇವೆಯನ್ನು 2024ರಲ್ಲಿ ನಿಲ್ಲಿಸಿತು. ಅವುಗಳಿಗಾಗಿ ರಾತ್ರಿ ನಿದ್ದೆಗೆಟ್ಟು ಪಾಠ ಸಿದ್ಧಪಡಿಸಿದ್ದ ಶಿಕ್ಷಕರಿಗೆ ಸಿಕ್ಕಿದ್ದು, ‘ನಮ್ಮೊಡನೆ ಪಯಣಿಸಿದ್ದಕ್ಕೆ ಧನ್ಯವಾದ’ ಎನ್ನುವ ಧಾಟಿಯ ಒಂದು ಇಮೇಲ್. ಸೀಮೆಸುಣ್ಣ ತಯಾರಿಸುವ ಕಂಪನಿ ದಿವಾಳಿಯಾದರೆ ಹಲಗೆಯ ಮೇಲೆ ಬರೆದದ್ದು ತಾನಾಗಿ ಅಳಿಸಿಹೋದ ಉದಾಹರಣೆ ಇಲ್ಲ.

ಇಲ್ಲಿಯವರೆಗೆ ನಗಬಹುದು. ಮುಂದಿನದಕ್ಕೆ ನಗು ಬರುವುದಿಲ್ಲ. 2020ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಸಂಶೋಧಕರ ಅಧ್ಯಯನವೊಂದರಲ್ಲಿ 511 ಜನರ ಪೈಕಿ ಇಂಥ ಚಲನೆ ಇಂಥವರದೇ ಎಂದು ಶೇಕಡ 95ರಷ್ಟು ಖಚಿತವಾಗಿ ಗುರುತಿಸಲು ತಲೆ ಮತ್ತು ಕೈಗಳ ಚಲನೆಯ ದತ್ತಾಂಶ ಐದು ನಿಮಿಷದ್ದೂ ಬೇಕಾಗಲಿಲ್ಲ. ಹೆಸರು ಬೇಡ, ಮುಖ ಬೇಡ, ಕತ್ತು ತಿರುಗಿಸುವ ರೀತಿ ಸಾಕು. ಈ ಪೆಟ್ಟಿಗೆಯನ್ನು ನಾವು ಹತ್ತು ಹನ್ನೆರಡರ ಮಕ್ಕಳ ತಲೆಗೆ ಕಟ್ಟುತ್ತಿದ್ದೇವೆ. ಅವರು ಎಲ್ಲಿ ತಡವರಿಸಿದರು, ಯಾವುದಕ್ಕೆ ಬೆಚ್ಚಿದರು ಎಂಬುದೆಲ್ಲ ಯಾವ ಕಂಪನಿಯ ಕಣಜ ಸೇರುತ್ತದೆಂದು ಒಪ್ಪಿಗೆಪತ್ರಕ್ಕೆ ಸಹಿ ಹಾಕಿದ ಪೋಷಕರಿಗೂ ಗೊತ್ತಿಲ್ಲ, ಹಾಕಿಸಿಕೊಂಡ ಶಾಲೆಗೂ ಗೊತ್ತಿಲ್ಲ. ಇನ್ನೊಂದು ಕಡೆ ಯುನೆಸ್ಕೊ ಹೇಳುತ್ತಿದೆ: 2030ರ ವೇಳೆಗೆ ಎಲ್ಲ ಮಕ್ಕಳಿಗೂ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ದೊರೆಯಬೇಕಾದರೆ ಜಗತ್ತಿಗೆ ಇನ್ನೂ 4.4 ಕೋಟಿ ಶಿಕ್ಷಕರು ಬೇಕು. ಕೆಲಸ ಬಿಟ್ಟು ಹೋಗುತ್ತಿರುವವರಿಗೆ ಸರಿಯಾದ ಸಂಬಳವಿಲ್ಲ, ಉಳಿದವರಿಗೆ ಉಸಿರಾಡಲು ಬಿಡುವಿಲ್ಲ. ಅವರು ಕೇಳಿದ್ದು ಹೆಡ್‌ಸೆಟ್ ಅಲ್ಲ. ತರಗತಿಯಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಮಾಡಿ, ಖಾಲಿ ಹುದ್ದೆ ತುಂಬಿ, ದಾಖಲೆ ಭರ್ತಿ ಮಾಡುವ ಕೆಲಸದಿಂದ ಬಿಡುಗಡೆ ಕೊಡಿ ಎಂದು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಅದಕ್ಕೆ ಹಣವಿಲ್ಲ. ಇದಕ್ಕೆ ಮಾತ್ರ ಎಲ್ಲಿಂದಲೋ ಬರುತ್ತದೆ, ಏಕೆಂದರೆ ಇದನ್ನು ಉದ್ಘಾಟಿಸಬಹುದು, ಫೋಟೊ ತೆಗೆಸಿಕೊಳ್ಳಬಹುದು. ಹುದ್ದೆ ತುಂಬಿದರೆ ಫೋಟೊದಲ್ಲಿ ಕಾಣುವುದು ಮತ್ತೊಬ್ಬ ಮೇಷ್ಟರು, ಅಷ್ಟೆ.

ಸಂಶೋಧನೆಯಂತೂ ನಿಂತಿಲ್ಲ. ಈಗಿನ ಹೆಡ್‌ಸೆಟ್‌ಗಳ ದೊಡ್ಡ ಹೆಗ್ಗಳಿಕೆಯೆಂದರೆ, ತೊಟ್ಟವರಿಗೆ ಅವರು ಕುಳಿತಿರುವ ಕೋಣೆಯೇ ಕ್ಯಾಮೆರಾದ ಮೂಲಕ ಕಾಣುತ್ತದೆ. ಆ್ಯಪಲ್ 2024ರಲ್ಲಿ ಮಾರುಕಟ್ಟೆಗೆ ತಂದ ವಿಷನ್ ಪ್ರೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೆಡ್‌ಸೆಟ್ಟಿನ ಮರೆಯಲ್ಲಿರುವ ಕಣ್ಣುಗಳ ಚಿತ್ರವನ್ನು ಹೊರಮೈಯ ಪರದೆಯ ಮೇಲೆ ಮೂಡಿಸುತ್ತದೆ, ಎದುರಿಗಿರುವವರು ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲೆಂದು. ಒಳಗಿನವರು ಕಣ್ಣು ಮುಚ್ಚಿದರೆ ಹೊರಗಿನ ಚಿತ್ರವೂ ಕಣ್ಣು ಮುಚ್ಚುವಂತೆ ಅದನ್ನು ರೂಪಿಸಿದ್ದಾರೆ. ಮಧ್ಯಾಹ್ನದ ಪಿರಿಯಡ್ಡಿನ ವಿದ್ಯಾರ್ಥಿಗಳ ದೃಷ್ಟಿಯಿಂದ ಇದು ಗಂಭೀರವಾದ ದೋಷ. ಮುಂದಿನ ಅಪ್‌ಡೇಟ್‌ನಲ್ಲಿ ಸರಿಪಡಿಸಿಕೊಡಬೇಕೆಂದು ಅವರು ಈಗಲೇ ಅರ್ಜಿ ಹಾಕುವುದು ಒಳ್ಳೆಯದು.