ಹಾಸಿಗೆಗಿಂತ ಉದ್ದದ ಕಾಲು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಬುದ್ಧಿ ಮೀನಿಗಿಲ್ಲ. ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದೆ ಎಂದು ಮಾರುವವರೂ ಹೇಳುತ್ತಾರೆ, ಕೊಳ್ಳುವವರೂ ನಂಬುತ್ತಾರೆ. ಇಬ್ಬರಿಗೂ ಅನುಕೂಲದ ಮಾತು. ಬೆರಳುದ್ದದ ಆಸ್ಕರ್ ಮೀನಿನ ಮರಿಗೆ ಮಾತ್ರ ಇದು ಗೊತ್ತಿರುವುದಿಲ್ಲ. ಅದು ತನ್ನ ಪಾಡಿಗೆ ಬೆಳೆದು 30 ಸೆಂ.ಮೀ. ಮುಟ್ಟುತ್ತದೆ. ಗಾಜಿನ ಪಾಚಿ ತಿನ್ನಲೆಂದು ತಂದ ಪ್ಲೆಕೊ ಇನ್ನೂ ಒಂದು ಕೈ ಮೇಲು, 40 ದಾಟಿದರೂ ಆಶ್ಚರ್ಯವಿಲ್ಲ. ಚಿಕ್ಕ ಟ್ಯಾಂಕಿನಲ್ಲಿ ಬೆಳೆಯದೆ ಉಳಿದ ಮೀನನ್ನು ಹೊಂದಿಕೊಂಡಿದೆ ಎನ್ನುತ್ತೇವೆ, ಅಷ್ಟೇ. ಅದು ಕೊಳೆ ನೀರಿನಲ್ಲಿ ಕುಗ್ಗಿರುತ್ತದೆ. ಕೊನೆಗೊಂದು ದಿನ ಮೀನು ತಿರುಗಿಕೊಳ್ಳಲು ಬಾಲ ಮಡಚಬೇಕಾದಾಗ ಮನೆಯಲ್ಲಿ ದೊಡ್ಡ ಟ್ಯಾಂಕಿನ ಮಾತು ಏಳುತ್ತದೆ.

ದೊಡ್ಡ ಟ್ಯಾಂಕ್ ಎಂದರೆ ದೊಡ್ಡ ಕೆಲಸ ಎಂದು ಹೆದರುವವರಿದ್ದಾರೆ. ನಿಜ ಹೇಳಬೇಕೆಂದರೆ ಸೋಮಾರಿಗಳಿಗೆ ಹೇಳಿಮಾಡಿಸಿದ್ದು ದೊಡ್ಡದೇ. 60×30×30 ಸೆಂ.ಮೀ. ಟ್ಯಾಂಕಿನಲ್ಲಿ ಲೆಕ್ಕಕ್ಕೆ 54 ಲೀಟರ್. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನೀರು 45ರ ಆಸುಪಾಸು. ಕಲ್ಲಿನ ಸಂದಿಯಲ್ಲಿ ಒಂದು ಮೀನು ಸತ್ತು ಕೊಳೆತರೂ, ಯಾರೋ ಪ್ರೀತಿಯಿಂದ ಒಂದು ಹಿಡಿ ಆಹಾರ ಸುರಿದರೂ ಅಲ್ಲಿ ಅಮೋನಿಯಾ ಏರಿಬಿಡುತ್ತದೆ. ಅದೇ ತಪ್ಪನ್ನು 120×45×45ರ, ಅಂದರೆ 243 ಲೀಟರಿನ ಟ್ಯಾಂಕ್ ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಹೀಟರ್ ಕೈಕೊಟ್ಟರೂ ನೀರು ತಣ್ಣಗಾಗಲು ಹೊತ್ತು ಹಿಡಿಯುತ್ತದೆ, ನೋಡಿ ಸರಿಪಡಿಸಲು ಪುರುಸೊತ್ತು ಸಿಗುತ್ತದೆ. ಕಷ್ಟವೆಲ್ಲ ಚಿಕ್ಕದರಿಂದ ದೊಡ್ಡದಕ್ಕೆ ದಾಟುವ ಕೆಲವು ವಾರಗಳದ್ದು. ಹಳೆಯ ಟ್ಯಾಂಕಿನಲ್ಲಿ ವರ್ಷಗಟ್ಟಲೆ ಗಟ್ಟಿಮುಟ್ಟಾಗಿದ್ದ ಮೀನುಗಳು ಹೊಸ ಅರಮನೆಗೆ ಬಂದ ಐದನೇ ದಿನ ಮೇಲೆ ತೇಲುವುದು ಈ ಅವಧಿಯಲ್ಲೇ.

ಕೊಳ್ಳುವಾಗ ಕಣ್ಣು ಎತ್ತರದ ಟ್ಯಾಂಕಿನ ಮೇಲೆ ಬೀಳುತ್ತದೆ. ಬೀಳಲಿ, ಕೊಳ್ಳಬಾರದು. ಹೆಚ್ಚಿನ ಮೀನುಗಳು ಅಡ್ಡಕ್ಕೆ ಈಜುತ್ತವೆ, ಅವಕ್ಕೆ ಬೇಕಾದ್ದು ಉದ್ದ ಮತ್ತು ಅಗಲ. ಗಾಳಿ ನೀರಿಗೆ ಬೆರೆಯುವುದೂ ಮೇಲ್ಮೈಯಿಂದಲೇ. ಮೈಯೇ ಎತ್ತರವಿರುವ ಏಂಜೆಲ್, ಡಿಸ್ಕಸ್ ಮೀನು ಸಾಕುವವರು ಎತ್ತರ ಕೇಳಿದರೆ ಒಪ್ಪಬಹುದು. ಉಳಿದವರು 60 ಸೆಂ.ಮೀ. ಆಳದ ಟ್ಯಾಂಕಿನ ತಳದಲ್ಲಿ ಉರುಳಿದ ಒಂದು ಗಿಡವನ್ನು ನೆಟ್ಟಗೆ ಮಾಡಲು ಹೋಗಿ ನೋಡಲಿ: ಸ್ಟೂಲ್ ಹತ್ತಬೇಕು, ತೋಳು ಕಂಕುಳವರೆಗೆ ಮುಳುಗಬೇಕು, ಕೆನ್ನೆ ನೀರಿಗೆ ತಾಗಬೇಕು. ಆಳ ಹೆಚ್ಚಿದಷ್ಟೂ ಗಿಡಕ್ಕೆ ಬೆಳಕು ಕಡಿಮೆ, ಗಾಜಿನ ಮೇಲೆ ಒತ್ತಡ ಹೆಚ್ಚು. ನೀರಿನ ಒತ್ತಡಕ್ಕೆ ಎತ್ತರವೊಂದೇ ಲೆಕ್ಕ. ಟ್ಯಾಂಕ್ ಒಂದು ಮೀಟರ್ ಉದ್ದವಿರಲಿ ಹತ್ತು ಮೀಟರ್ ಇರಲಿ, 45 ಸೆಂ.ಮೀ. ಕೆಳಗೆ ಒತ್ತಡ ಒಂದೇ. ಉದ್ದವಾದರೆ ಗಾಜು ಬಾಗುತ್ತದೆ ಎನ್ನುವುದು ಬೇರೆ ತಾಪತ್ರಯ. ಅದಕ್ಕೇ 120×45×45ಕ್ಕೆ 10 ಮಿ.ಮೀ. ಗಾಜು, ಮೇಲಂಚಿನಲ್ಲಿ ಅಡ್ಡಪಟ್ಟಿ ಇದ್ದರೆ ಮೇಲು. ಆಸ್ಕರ್ ಸಾಕುವವರಿಗೆ 45ರ ಅಗಲ ಬಿಗಿಯೇ. 60 ಇದ್ದರೆ ಅದು ನೆಮ್ಮದಿಯಾಗಿ ತಿರುಗೀತು.

ತೂಕದ ಲೆಕ್ಕವನ್ನು ಅಂಗಡಿಗೆ ಹೋಗುವ ಮುಂಚೆ ಮಾಡಬೇಕು. 120×45×45ರ ಟ್ಯಾಂಕಿನ ಗಾಜೇ ಸುಮಾರು 50 ಕಿಲೋ. ತಳದಲ್ಲಿ 5 ಸೆಂ.ಮೀ. ಮರಳೆಂದರೆ 27 ಲೀಟರ್ ಮರಳು, 40 ಕಿಲೋ. ನೀರು 200ಕ್ಕೂ ಮೇಲೆ. ಕಲ್ಲು, ಸ್ಟ್ಯಾಂಡ್ ಸೇರಿಸಿದರೆ 350ರ ಹತ್ತಿರ. ಇಷ್ಟನ್ನೂ ಅರ್ಧ ಚದರ ಮೀಟರ್ ನೆಲ ಹೊರಬೇಕು. ಗೋಡೆಗೆ ಒತ್ತಿದಂತೆ ಇಡುವುದು ಕ್ಷೇಮ, ಕೋಣೆಯ ನಟ್ಟನಡುವೆ ಅಲ್ಲ. ನೆಲ ಸಮವಿದೆ ಎಂದು ಕಣ್ಣು ಹೇಳಿದ್ದನ್ನು ನಂಬುವುದೂ ಬೇಡ. ಮೂರನೇ ಒಂದು ಭಾಗ ನೀರು ತುಂಬಿ, ನಾಲ್ಕು ಮೂಲೆಯಲ್ಲೂ ಗಾಜಿನ ಮೇಲಂಚಿನಿಂದ ನೀರಿನ ಗೆರೆಯವರೆಗೆ ಸ್ಕೇಲ್ ಹಿಡಿದರೆ ಸತ್ಯ ಗೊತ್ತಾಗುತ್ತದೆ. ಒಂದು ಮೂಲೆ 5 ಮಿ.ಮೀ. ತಗ್ಗಿದ್ದರೆ ನೀರು ತೆಗೆದು ಸ್ಟ್ಯಾಂಡಿನ ಕಾಲಿನ ಕೆಳಗೆ ತಗಡು ಕೊಡಬೇಕು. ಗಾಜಿನ ಕೆಳಗೆ ಕಾಗದ ಮಡಚಿ ತುರುಕಿದರೆ ಭಾರವೆಲ್ಲ ಆ ಒಂದು ಬಿಂದುವಿನ ಮೇಲೆ ಬಿದ್ದು ತಳ ಸೀಳುತ್ತದೆ. ಬರೀ ಗಾಜಿನ ತಳವಾದರೆ ಕೆಳಗೆ ಪೂರ್ತಿ ಫೋಮ್ ಹಾಳೆ ಹಾಸಬೇಕು. ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಕೂತ ಟ್ಯಾಂಕಿಗೆ ಹಾಸಬಾರದು, ಫೋಮ್ ಉಬ್ಬಿ ತಳದ ಗಾಜನ್ನೇ ಮೇಲಕ್ಕೆ ಒತ್ತುತ್ತದೆ. ಆಮೇಲೆ ಪೂರ್ತಿ ತುಂಬಿ ಎರಡು ದಿನ ಸುಮ್ಮನೆ ಬಿಡಬೇಕು. ಸಿಲಿಕೋನ್ ಸೋರಬೇಕೆಂದಿದ್ದರೆ ಆಗಲೇ ಸೋರಲಿ.

ಮರಳು ತೊಳೆಯುವ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅರ್ಧ ಬಕೆಟ್ ಹಾಕಿ, ನೀರು ಬಿಟ್ಟು, ಕೈಯಾಡಿಸಿ, ಬಗ್ಗಿಸಿ, ಮತ್ತೆ ಅದನ್ನೇ. ಹತ್ತು ಸಲ ತೊಳೆದ ಮೇಲೆ ಸಾಕು ಅನಿಸುತ್ತದೆ, ಸಾಕಾಗಿರುವುದಿಲ್ಲ. ದೊಡ್ಡ ಕಲ್ಲುಗಳನ್ನು ಮರಳಿಗಿಂತ ಮೊದಲು ತಳದ ಮೇಲೆ ನೇರ ಕೂರಿಸುವುದು ವಾಸಿ; ಮರಳಿನ ಮೇಲೆ ಇಟ್ಟರೆ ಅಗೆಯುವ ಚಟವಿರುವ ಸಿಕ್ಲಿಡ್‌ಗಳು (ಆಸ್ಕರ್ ಕುಟುಂಬದ ಮೀನುಗಳು) ಬುಡ ತೋಡಿ ಕಲ್ಲನ್ನು ಗಾಜಿಗೆ ಉರುಳಿಸುತ್ತವೆ.

ಇನ್ನು ಅಸಲು ವಿಷಯ. ಹಳೆಯ ಟ್ಯಾಂಕಿನಿಂದ ಹೊಸದಕ್ಕೆ ಸಾಗಿಸಬೇಕಾದ ಮುಖ್ಯ ಆಸ್ತಿ ಯಾವುದು ಎಂದರೆ ಎಲ್ಲರೂ ಮೀನನ್ನು ತೋರಿಸುತ್ತಾರೆ, ತಿಳಿದವರು ಫಿಲ್ಟರಿನ ಒಳಗಿನ ಕಂದುಗಟ್ಟಿದ, ಹಿಂಡಿದರೆ ಕೆಸರು ಇಳಿಯುವ ಸ್ಪಾಂಜನ್ನು ತೋರಿಸುತ್ತಾರೆ. ಮೀನಿನ ಕಿವಿರಿನಿಂದ, ಕೊಳೆವ ಆಹಾರದಿಂದ ಅಮೋನಿಯಾ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ಮೊದಲೆರಡು ಮೀನಿಗೆ ವಿಷ, ಮೂರನೆಯದನ್ನು ವಾರಕ್ಕೊಮ್ಮೆ ನೀರು ಬದಲಿಸಿ ಹೊರಹಾಕಬಹುದು. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಿಕೊಂಡಿರುವುದು ಅತ್ಯಲ್ಪ, ಸ್ಪಾಂಜು, ಸೆರಾಮಿಕ್ ಉಂಗುರ, ಮರಳು, ಗಾಜು ಹೀಗೆ ಮೇಲ್ಮೈ ಸಿಕ್ಕಲ್ಲಿ ಅಂಟಿಕೊಂಡು ಬಾಳುತ್ತವೆ. ಸೊನ್ನೆಯಿಂದ ಶುರುವಾದರೆ ಈ ಸಂಸಾರ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹಳೆಯ ನೀರನ್ನು ಡ್ರಮ್ಮಿನಲ್ಲಿ ಕಾಪಾಡಿ, ಸ್ಪಾಂಜು ಗಲೀಜೆಂದು ನಲ್ಲಿಯ ಕೆಳಗೆ ಉಜ್ಜಿ ತೊಳೆಯುವವರು ಕಸ ಉಳಿಸಿ ಬಂಗಾರ ಬಿಸಾಡುತ್ತಾರೆ. ನಲ್ಲಿಯ ಕ್ಲೋರಿನ್ ಇರುವುದೇ ಬ್ಯಾಕ್ಟೀರಿಯಾ ಕೊಲ್ಲಲು.

ತಾಳ್ಮೆಯಿದ್ದರೆ ಹೊಸ ಕ್ಯಾನಿಸ್ಟರ್ ಫಿಲ್ಟರನ್ನು (ಟ್ಯಾಂಕಿನ ಹೊರಗಿಟ್ಟು ಕೊಳವೆಯಿಂದ ಜೋಡಿಸುವ, ಮುಚ್ಚಿದ ಡಬ್ಬಿಯಂಥದ್ದು) ಒಂದು ತಿಂಗಳು ಮೊದಲೇ ತಂದು ಹಳೆಯ ಟ್ಯಾಂಕಿಗೇ ಜೋಡಿಸಿ, ಹಳೆಯದರ ಜೊತೆ ಓಡಿಸಬಹುದು. ಗಂಟೆಗೆ 1,000–1,200 ಲೀಟರ್ ತಳ್ಳುವ ಯಂತ್ರ 54 ಲೀಟರಿನಲ್ಲಿ ಸುಳಿ ಎಬ್ಬಿಸುತ್ತದೆ, ಹಾಗಾಗಿ ನೀರು ಹೊರಹೋಗುವ ಕೊಳವೆಯ ಕವಾಟವನ್ನು ಅರ್ಧ ಮುಚ್ಚಬೇಕು. ಒಳಬರುವ ಕಡೆ ಬಿಗಿದರೆ ಪಂಪು ನೀರಿಲ್ಲದೆ ಒದ್ದಾಡಿ ಗಾಳಿ ಎಳೆಯುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಸಾಗಿಸುವ ದಿನ ಹಳೆಯ ಸ್ಪಾಂಜನ್ನು ಹೊಸ ಫಿಲ್ಟರಿನೊಳಗೆ ಇಡಲಿ. ನಡುವಿನ ಹೊತ್ತಿನಲ್ಲಿ ಅದು ಟ್ಯಾಂಕಿನ ನೀರಿರುವ ತೆರೆದ ಬಕೆಟ್ಟಿನಲ್ಲಿ, ಗಾಳಿಗುಳ್ಳೆಯ ಜೊತೆ ಇರಬೇಕು. ಮುಚ್ಚಿದ ಕ್ಯಾನಿಸ್ಟರ್ ನಿಂತು ಕೆಲವು ಗಂಟೆಯಾದರೆ ಒಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತವೆ.

ಐದನೇ ದಿನದ ಸಾವಿಗೆ ಇನ್ನೊಂದು ಕಾರಣವಿದೆ, ಅದನ್ನು ಬಹಳ ಮಂದಿ ಊಹಿಸುವುದಿಲ್ಲ. ವರ್ಷಗಟ್ಟಲೆ ಸರಿಯಾಗಿ ನೀರು ಬದಲಿಸದ ಟ್ಯಾಂಕಿನಲ್ಲಿ ಆಮ್ಲವನ್ನು ತಡೆಯುವ ಕಾರ್ಬೊನೇಟ್ ಖರ್ಚಾಗಿ ಪಿಎಚ್ (ಇಳಿದಷ್ಟೂ ನೀರು ಆಮ್ಲೀಯ) 6ರ ಬಳಿಗೆ ಇಳಿದಿರುತ್ತದೆ, ನೈಟ್ರೇಟ್ ಏರಿರುತ್ತದೆ. ಮೀನು ದಿನದಿನವೂ ಒಂಚೂರು ಒಗ್ಗಿಕೊಂಡು ಬದುಕಿರುತ್ತದೆ. ಅಂಥ ನೀರಿನಲ್ಲಿ ಬ್ಯಾಕ್ಟೀರಿಯಾ ಮಂದವಾಗುತ್ತವೆ, ಅಮೋನಿಯಾ ಉಳಿಯುತ್ತದೆ, ಆದರೆ ಅದು ಹೆಚ್ಚುಕಡಿಮೆ ನಿರುಪದ್ರವಿ ಅಮೋನಿಯಂ ರೂಪದಲ್ಲಿರುತ್ತದೆ. 25 ಡಿಗ್ರಿಯಲ್ಲಿ ವಿಷಕಾರಿ ರೂಪದ ಪಾಲು ಪಿಎಚ್ 7ರಲ್ಲಿ ನೂರಕ್ಕೆ ಅರ್ಧದಷ್ಟು, ಪಿಎಚ್ 8ರಲ್ಲಿ ಐದರಷ್ಟು. ಹಾಗಾಗಿ ಹಳೆಯ ನೀರಿಗೆ ಒಮ್ಮೆಲೇ ಪಿಎಚ್ ಹೆಚ್ಚಿರುವ ಹೊಸ ನೀರು ಬೆರೆಸಿದರೆ ಮಲಗಿದ್ದ ವಿಷವನ್ನು ಎಬ್ಬಿಸಿದಂತೆ. ಉಪಾಯ ಸುಲಭ: ಸಾಗಿಸುವ ಎರಡು ಮೂರು ವಾರ ಮೊದಲಿಂದ ಎರಡು ದಿನಕ್ಕೊಮ್ಮೆ ನೂರಕ್ಕೆ ಹತ್ತರಂತೆ ನೀರು ಬದಲಿಸುತ್ತ ಬಂದರೆ ಹಳೆಯ ನೀರೇ ಹೊಸ ನೀರಿನ ಗುಣಕ್ಕೆ ಬರುತ್ತದೆ. ಆಮೇಲೆ ಒಂದು ಹನಿ ಹಳೆಯ ನೀರನ್ನೂ ಹೊರಬೇಕಾಗಿಲ್ಲ.

ಸಾಗಿಸುವ ಹಿಂದಿನ ದಿನ ಮೀನಿಗೆ ಉಪವಾಸ. ಹೊಸ ಟ್ಯಾಂಕಿನಲ್ಲಿ ಮರಳಿನ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ನೀರು ಬಿಟ್ಟರೆ ಗುಂಡಿ ಬೀಳುವುದಿಲ್ಲ. ಕ್ಲೋರಿನ್ ಆದರೆ ಒಂದು ದಿನ ಗಾಳಿಯಾಡಿಸಿದರೆ ಹೋಗುತ್ತದೆ, ಕೆಲವೆಡೆ ಅದರ ಬದಲು ನಲ್ಲಿ ನೀರಿಗೆ ಹಾಕುವ ಕ್ಲೋರಮೈನ್ ಹಾಗೆ ಹೋಗುವುದಿಲ್ಲ, ಅದಕ್ಕೆ ನೀರು ಹದಮಾಡುವ ಕಂಡೀಷನರ್ ದ್ರಾವಣ ಬೇಕೇ ಬೇಕು. ಹಳೆಯ ಟ್ಯಾಂಕಿನಲ್ಲಿ ಗಿಡ, ಕಲ್ಲು ತೆಗೆದು, ನೀರನ್ನು ಒಂದು ಗೇಣಿಗೆ ಇಳಿಸಿದ ಮೇಲೆ ಬಲೆ ಹಾಕಬೇಕು. ತುಂಬಿದ ಟ್ಯಾಂಕಿನಲ್ಲಿ ಅಟ್ಟಾಡಿಸಿದರೆ ಮೀನಿಗಿಂತ ಮೊದಲು ಹಿಡಿಯುವವರು ಸುಸ್ತಾಗುತ್ತಾರೆ. ಹಳೆಯ ಮರಳನ್ನು ಮೀನಿರುವಾಗ ಕದಡಲೇಬಾರದು. ತಳದಿಂದ ಕೊಳೆತ ಮೊಟ್ಟೆಯ ವಾಸನೆ ಬಂತೆಂದರೆ ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ವಿಷ. ಹಳೆಯ ಟ್ಯಾಂಕನ್ನು ಮರಳು ಸಮೇತ ಎತ್ತುವುದೂ ಬೇಡ, ಗಾಜು ತಿರುಚಿ ಸಿಲಿಕೋನ್ ಬಿಡುತ್ತದೆ. ಬಕೆಟ್ಟಿಗೆ ಮುಚ್ಚಳ ಇರಲಿ. ಹಾರುವ ಜಾತಿ ಯಾವುದು ಎನ್ನುವುದು ಹಾರಿದ ಮೇಲೆಯೇ ತಿಳಿಯುವುದು.

ಮೊದಲ ದಿನ ದೀಪ ಬೇಡ. ಮೀನುಗಳು ಬಣ್ಣ ಕಳೆದುಕೊಂಡು ಮೂಲೆ ಹಿಡಿಯುತ್ತವೆ, ಒಂದೆರಡು ದಿನಕ್ಕೆ ಸರಿಹೋಗುತ್ತವೆ. ನೀರು ಹಾಲಿನಂತೆ ಮಬ್ಬಾದರೆ ಗಾಬರಿ ಬೀಳಬೇಕಿಲ್ಲ, ಅದು ಬೇರೆ ಬಗೆಯ ಬ್ಯಾಕ್ಟೀರಿಯಾದ ಗದ್ದಲ, ತಾನಾಗಿ ಇಳಿಯುತ್ತದೆ. ಮಬ್ಬಿಗೆ ಹೆದರಿ ಫಿಲ್ಟರ್ ಬಿಚ್ಚಿ ತೊಳೆಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಚಿಕಿತ್ಸೆ. ಒಂದು ವಾರ ದಿನವೂ ಅಮೋನಿಯಾ, ನೈಟ್ರೈಟ್ ಅಳೆದು, ಆಹಾರ ಅರ್ಧ ಮಾಡಿದರೆ ಸಾಕು.

ಈಗ ಶುರುವಾಗುತ್ತದೆ ನಿಜವಾದ ಪರೀಕ್ಷೆ. ಹಳೆಯ ಟ್ಯಾಂಕಿನಲ್ಲಿ ಗಿಜಿಗುಟ್ಟುತ್ತಿದ್ದ ಹತ್ತು ಟೆಟ್ರಾಗಳು ಇಲ್ಲಿ ಹುಡುಕಿದರೆ ಸಿಗುವಷ್ಟಾಗುತ್ತವೆ. ಇಷ್ಟು ಜಾಗ ಖಾಲಿ ಬಿಡುವುದೇ ಎಂದು ಯಜಮಾನರ ಕೈ ಕಡಿಯುತ್ತದೆ, ಸಂಜೆಯೊಳಗೆ ಇಪ್ಪತ್ತು ಮೀನು ಬರುತ್ತವೆ. ಆದರೆ ಸ್ಪಾಂಜಿನಲ್ಲಿರುವ ಬ್ಯಾಕ್ಟೀರಿಯಾ ಹಳೆಯ ಹತ್ತು ಮೀನಿನ ಅಳತೆಗೆ ಬೆಳೆದವು. ಟ್ಯಾಂಕ್ ನಾಲ್ಕೂವರೆ ಪಟ್ಟು ದೊಡ್ಡದಾಯಿತೆಂದು ಅವು ನಾಲ್ಕೂವರೆ ಪಟ್ಟು ಆಗುವುದಿಲ್ಲ, ಉಣ್ಣಲು ಅಮೋನಿಯಾ ಹೆಚ್ಚಿದ ಮೇಲಷ್ಟೇ ನಿಧಾನಕ್ಕೆ ಹೆಚ್ಚುತ್ತವೆ. ಇರುವ ಮೀನಿನ ಕಾಲುಭಾಗದಷ್ಟು ಸೇರಿಸಿ, ಎರಡು ವಾರ ಕಾದು, ಮತ್ತೆ ಸೇರಿಸುವುದು ಕ್ರಮ. ಖಾಲಿ ಜಾಗ ನೋಡಲಾಗದಿದ್ದರೆ ಗಿಡ ನೆಡಬಹುದು.

ಹಳೆಯ ಟ್ಯಾಂಕನ್ನು ಮಾರುವ ಆತುರ ಬೇಡ. ಹೊಸ ಫಿಲ್ಟರಿನ ಮೂಲೆಯಲ್ಲಿ ಒಂದು ಹೆಚ್ಚುವರಿ ಸ್ಪಾಂಜು ಸದಾ ಬಿದ್ದಿರಲಿ. ಹೊಸ ಮೀನು ಬಂದಾಗ ಆ ಸ್ಪಾಂಜನ್ನು ಹಳೆಯ ಟ್ಯಾಂಕಿಗೆ ಹಾಕಿದರೆ ಅಂದೇ ಕ್ವಾರಂಟೈನ್ ಸಿದ್ಧ. ಅಲ್ಲಿ ಮೂರು ನಾಲ್ಕು ವಾರ ಇಟ್ಟು ನೋಡಿದ ಮೇಲೆ ದೊಡ್ಡದಕ್ಕೆ ಬಿಡಬಹುದು. ಬಿಳಿಚುಕ್ಕೆ ರೋಗ ಅಲ್ಲೇ ಕಾಣಿಸಿಕೊಂಡರೆ ಔಷಧಿ 45 ಲೀಟರಿನ ಲೆಕ್ಕಕ್ಕೆ. ದೊಡ್ಡದರಲ್ಲಿ ಕಾಣಿಸಿಕೊಂಡರೆ 200 ಲೀಟರಿನ ಲೆಕ್ಕಕ್ಕೆ, ಅದೂ ಅಲ್ಲಿರುವ ಎಲ್ಲ ಮೀನಿಗೂ.