ಸಮುದ್ರ ತಾನೇ ಸರಿಮಾಡಿಕೊಳ್ಳುತ್ತದೆ ಅನ್ನುವವರಿಗೆ

ಎಣ್ಣೆ ಸೋರಿದ ಸುದ್ದಿ ಬಂದಾಗಲೆಲ್ಲ ನಮ್ಮ ಕಾರವಾರದಲ್ಲಿ ಒಂದು ಮಾತು ಕೇಳುತ್ತದೆ: "ಸಮುದ್ರ ದೊಡ್ಡದು ಮಾರಾಯ, ಎಲ್ಲ ತಾನೇ ಸರಿಯಾಗುತ್ತದೆ." ಈ ಮಾತು ಅರ್ಧ ನಿಜ. ಉಳಿದರ್ಧ ನಮ್ಮ ಮೀನುಗಾರರಿಗೆ ದುಬಾರಿ ಬೀಳುತ್ತದೆ.

ಎಣ್ಣೆ ತಿಂದೇ ಬದುಕುವ ಬ್ಯಾಕ್ಟೀರಿಯಾ ಸಮುದ್ರದಲ್ಲಿ ಇರುವುದು ಹೌದು. ಅಲ್ಕಾನಿವೊರಾಕ್ಸ್ ಅಂತ ಒಂದಿದೆ. ಸ್ವಚ್ಛ ನೀರಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಎಣ್ಣೆ ಬಿದ್ದರೆ ಮಾತ್ರ ಕೆಲವೇ ದಿನಗಳಲ್ಲಿ ಎಲ್ಲೆಲ್ಲೂ ಅದೇ. ಸೋಪಿನಂಥ ಒಂದು ಪದಾರ್ಥ ಬಿಟ್ಟು ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ, ಹನಿಗೆ ಅಂಟಿಕೊಂಡು ತಿನ್ನುತ್ತದೆ. ನನಗಂತೂ ಇದು ಇವತ್ತಿಗೂ ಅಚ್ಚರಿ.

ಆದರೆ ಅದು ಮೊದಲು ತಿನ್ನುವುದು ಹಗುರ ಭಾಗವನ್ನು. ಡಾಂಬರಿನಂಥ ಭಾಗ ಹಾಗೇ ಉಳಿಯುತ್ತದೆ. ಮಳೆಗಾಲದಲ್ಲಿ ಟಾಗೋರ್ ಬೀಚಿನಲ್ಲಿ ನಡೆದವರಿಗೆ ಆ ಕಪ್ಪು ಉಂಡೆ ಗೊತ್ತು. ಮೇಲೆ ಮರಳು ಮೆತ್ತಿಕೊಂಡು ಗಟ್ಟಿ. ಒಡೆದರೆ ಒಳಗೆ ಮೇಣದಂತೆ ಅಂಟು. ಕಾಲಿಗೆ ಹತ್ತಿದರೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಬೇಕು.

2006ರ ಮೇ ಕೊನೆಯಲ್ಲಿ ಓಷನ್ ಸೆರಾಯಾ ಹಡಗು ನಮ್ಮ ಕಡಲಲ್ಲೇ ಬಂಡೆಗೆ ಬಡಿಯಿತಲ್ವಾ, ಆಗ ಸುಮಾರು 650 ಟನ್ ಇಂಧನ ಎಣ್ಣೆ ಸೋರಿತು. ಗೋವಾದ ದಕ್ಷಿಣ ತೀರದವರೆಗೂ ಹೋಯಿತು. ಹಡಗಿನ ಇಂಧನ ಅಂದರೆ ಮಂದ ಎಣ್ಣೆ. ಬ್ಯಾಕ್ಟೀರಿಯಾಗೆ ಬೇಡವಾದ ಭಾಗವೇ ಅದರಲ್ಲಿ ಜಾಸ್ತಿ.

ಇನ್ನು ಕೆಲವರು ಬ್ಯಾಕ್ಟೀರಿಯಾ ಪುಡಿ ತಂದು ಚೆಲ್ಲಿದರಾಯಿತು ಅನ್ನುತ್ತಾರೆ. ತಿನ್ನುವವರು ನೀರಲ್ಲಿ ಮೊದಲೇ ಇದ್ದಾರೆ. ಹೆಚ್ಚಿನ ಕಡೆ ಕೊರತೆ ಇರುವುದು ಸಾರಜನಕ, ರಂಜಕದ್ದು. ಎಣ್ಣೆಯಲ್ಲಿ ಅವು ಬೇಕಾದಷ್ಟಿಲ್ಲ. 1989ರಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನ ಎಣ್ಣೆ ಚೆಲ್ಲಿದಾಗ ಅಲಾಸ್ಕಾದ ತೀರದ ಕಲ್ಲುಗಳಿಗೆ ಗೊಬ್ಬರ ಹಾಕಿದ್ದು ಇದಕ್ಕೇ.

ಗೊಬ್ಬರದಿಂದಲೂ ಬಗೆಹರಿಯದ ಜಾಗ ನಮ್ಮ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಕಾಳಿ, ಅಘನಾಶಿನಿ ಅಳಿವೆಯ ಆ ಕಪ್ಪು ಕೆಸರಿನಲ್ಲಿ ಒಂದೆರಡು ಬೆರಳು ಕೆಳಗೆ ಹೋದರೆ ಆಮ್ಲಜನಕವೇ ಇಲ್ಲ. ಅಲ್ಲಿ ಎಣ್ಣೆ ಕರಗುವುದು ತೀರಾ ನಿಧಾನ. ಒಮ್ಮೆ ಇಳಿದರೆ ವರ್ಷಗಟ್ಟಲೆ ಕೂರುತ್ತದೆ. ಬಳಚು, ಏಡಿ, ಮೀನಿನ ಮರಿ ಎಲ್ಲಕ್ಕೂ ಅದೇ ಮನೆ.

ಹಾಗಾಗಿ ನನ್ನ ಒತ್ತಾಯ ಇಷ್ಟೇ. ಎಣ್ಣೆ ತಡೆಯುವ ತೇಲುವ ಬೂಮ್‌ಗಳು ಅಳಿವೆಗಳ ಬಾಯಲ್ಲೇ ಸಿದ್ಧವಿರಲಿ, ಬೇರೆ ಊರಿಂದ ಬರುವವರೆಗೆ ಕಾಯುವಂತಾಗಬಾರದು. ಬೈತಖೋಲದಿಂದ ತದಡಿಯವರೆಗೆ ಪ್ರತಿ ಬಂದರಿನಲ್ಲಿ ಬೋಟಿನ ಹಳೇ ಇಂಜಿನ್ ಆಯಿಲ್ ಸುರಿಯಲು ಡ್ರಮ್ ಇಡಿ, ಆಯಿಲ್ ತಂದುಕೊಟ್ಟವರಿಗೆ ಲೀಟರಿಗಿಷ್ಟು ಅಂತ ದುಡ್ಡು ಕೊಡಿ.