ಮೊದಲ ಕಂತು ನೀನೇ ಕಟ್ತೀಯಲ್ವಾ?

ನಾನು ವಿಮಾ ಏಜೆಂಟ್. ನಿನ್ನೆ ಸೋದರಮಾವ ಪಾಲಿಸಿ ಮಾಡಿಸೋಕೆ ಅಂತ ನಾಲ್ಕನೇ ಸಲ ಮನೆಗೆ ಕರೆಸಿದರು. ಉಪ್ಪಿಟ್ಟು ಕೊಟ್ಟರು. ಫಾರ್ಮ್ ತುಂಬಿಸಿದೆ, ಪೆನ್ನೂ ಕೈಗೆ ಕೊಟ್ಟೆ. ಸಹಿ ಹಾಕುವ ಮುಂಚೆ ಕೇಳಿದರು, "ಮೊದಲ ಕಂತು ನೀನೇ ಕಟ್ತೀಯಲ್ವಾ?"

ಉಪ್ಪಿಟ್ಟು ಗಂಟಲಲ್ಲೇ ನಿಂತಿತು.

25 ಗಂಟೆ ತರಬೇತಿ, ಏಜೆಂಟ್ ಆಗೋಕೆ ಬರೆಯುವ ಐಸಿ-38 ಪರೀಕ್ಷೆ, ಆಮೇಲೆ ಏಜೆಂಟ್ ಕೋಡ್. ಇಷ್ಟೆಲ್ಲಾ ಆಗಿದ್ದು ಮಾವನ ಕಂತು ಕಟ್ಟೋಕಾ? ನಾನು ಕಂತು ಕಟ್ಟಿದರೆ ನನ್ನ ಕಮಿಷನ್‌ನಲ್ಲಿ ನಿಮಗೆ ಪಾಲು ಕೊಟ್ಟ ಹಾಗೆ, 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಕಮಿಷನ್‌ನಲ್ಲಿ ಪಾಲು ಕೊಡುವುದೂ ತಪ್ಪು, ತಗೊಳ್ಳುವುದೂ ತಪ್ಪು, 10 ಲಕ್ಷದವರೆಗೆ ದಂಡ ಬೀಳಬಹುದು ಅಂದೆ. ಫಾರ್ಮಿನಲ್ಲೇ ಅಚ್ಚಾಗಿದೆ, ತೋರಿಸಿದೆ. ಮಾವ ಕನ್ನಡಕ ಏರಿಸಿ ಓದಿದರು. "ಮತ್ತೆ ಪಕ್ಕದ ಬೀದಿಯ ಏಜೆಂಟ್ ಕೊಟ್ನಲ್ಲ?"

ಏನು ಹೇಳಲಿ?

ಟರ್ಮ್ ಪಾಲಿಸಿ, ಅಂದರೆ ಅವಧಿಯೊಳಗೆ ಸತ್ತರೆ ಮಾತ್ರ ಮನೆಯವರಿಗೆ ದುಡ್ಡು ಬರೋದು, ತಗೊಳ್ಳಿ ಅಂದರೆ "ಸಾಯದಿದ್ರೆ ದುಡ್ಡು ವಾಪಸ್ ಬರಲ್ವಾ?" ಅಂತಾರೆ. ಸಾಯದೇ ಇರೋದು ಇವರಿಗೆ ನಷ್ಟ! ಶುಗರ್ ಇದೆಯಾ ಅಂದರೆ "ಸ್ವಲ್ಪ ಇದೆ, ಬರೀಬೇಡ". ನಾಳೆ ಕ್ಲೇಮ್ ತಿರಸ್ಕಾರವಾದರೆ ಶಾಪ ಯಾರಿಗೆ? ನನಗೇ ಅಲ್ವಾ?

ಇನ್ನು ಮದುವೆ ಮನೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆ ಮಾತ್ರ ಖಾಲಿ. ನಾನು ಬಾಯಿ ತೆಗೆದಿದ್ದು ಹೋಳಿಗೆಗೆ ಕಣ್ರೀ, ಪಾಲಿಸಿಗಲ್ಲ! ಚಿಕ್ಕಪ್ಪನಂತೂ ನನ್ನನ್ನು ಕಂಡ ತಕ್ಷಣ ಫೋನ್ ಕಿವಿಗಿಟ್ಟರು. ಅದು ತಲೆಕೆಳಗಾಗಿತ್ತು.

ಮಾವ ಇವತ್ತು ಮತ್ತೆ ಫೋನ್ ಮಾಡಿದ್ದರು. "ಅರ್ಧನಾದ್ರೂ ಕಟ್ಟು ಮಾರಾಯ" ಅಂತ.